ಚರ್ಚಿನ ಹಾಡುಗಳಲ್ಲಿ ನಮ್ಮ ನಂಬಿಕೆ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯವಳು. ನಮ್ಮ ಚರ್ಚಿನ ಸಭೆಯಲ್ಲಿ ಹದಿನೆಂಟು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದೇನೆ. ಭಾನುವಾರ ಆರಾಧನೆ ಮುಗಿದು, ಪೆಟ್ಟಿಗೆ ಮುಚ್ಚಿ ಬಟ್ಟೆ ಹೊದಿಸುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬಂದು ನಿಲ್ಲುತ್ತಾರೆ. "ಅಕ್ಕಾ, ಒಂದು ಮಾತು ಕೇಳ್ಲಾ?" ಅನ್ನುತ್ತಾರೆ. ರಾಯಚೂರಿನ ನೆಂಟರು, ಕೊಪ್ಪಳದ ಗೆಳತಿ ಫೋನಿನಲ್ಲಿ ಕೇಳಿದ್ದೂ ಉಂಟು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ದೇವಶಾಸ್ತ್ರ ಓದಿದವರ ಉತ್ತರ ಬೇರೆ ಇರಬಹುದು. ಹಾಡಿ, ನುಡಿಸಿ, ಅತ್ತು ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಹಾಡುವಾಗ ನನಗೆ ಏನೂ ಅನಿಸುವುದಿಲ್ಲ. ನನ್ನ ವಿಶ್ವಾಸದಲ್ಲೇ ಏನಾದರೂ ಕೊರತೆ ಇದೆಯಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ತಲೆ ತಗ್ಗಿಸಿಯೇ ಕೇಳುತ್ತಾರೆ. ಪಕ್ಕದಲ್ಲಿ ನಿಂತವರು ಕಣ್ಣು ಮುಚ್ಚಿ, ಕೈ ಎತ್ತಿ ಹಾಡುತ್ತಿರುತ್ತಾರೆ. ಇವರಿಗೆ ಮಾತ್ರ ಗ್ಯಾಸ್ ಆರಿಸಿ ಬಂದೆನೋ ಇಲ್ಲವೋ ಅನ್ನುವ ಯೋಚನೆ.

ಕೊರತೆ ಏನೂ ಇಲ್ಲ. ಮಗು ಮೊದಲು "ಅವ್ವಾ" ಅನ್ನುವುದನ್ನು ಕಲಿಯುತ್ತದೆ. ಅವ್ವ ಅಂದರೆ ಏನು ಅಂತ ಗೊತ್ತಾಗುವುದಕ್ಕೆ ಎಷ್ಟೋ ವರ್ಷ ಬೇಕು. ಹಾಡೂ ಹಾಗೇ. ಮಾತು ಮೊದಲು ಬಾಯಿಗೆ ಬೀಳುತ್ತದೆ. ಅರ್ಥ ಹಿಂದಿನಿಂದ ಬರುತ್ತದೆ, ಕೆಲವು ಸಲ ತುಂಬಾ ತಡವಾಗಿ.

ಅಪ್ಪ ತೀರಿಕೊಂಡ ಮೇಲೆ ಸುಮಾರು ಎರಡು ವರ್ಷ ನನಗೆ ಹಾಡಿನಲ್ಲಿ ಏನೂ ಸಿಗಲಿಲ್ಲ. ಪ್ರತಿ ಭಾನುವಾರ ನುಡಿಸಿದೆ. ಬೆರಳು ತಾವಾಗಿಯೇ ಓಡುತ್ತಿದ್ದವು, ಒಳಗೆ ಮಾತ್ರ ಬತ್ತಿದ ಬಾವಿ. ಕೊನೆಗೆ ನಮ್ಮ ಅಯ್ಯನವರ, ಅಂದರೆ ಸಭೆಯ ಪಾಸ್ಟರ್ ಹತ್ತಿರ ಹೋಗಿ ಬಿಟ್ಟುಬಿಡುತ್ತೇನೆ ಅಂದೆ. ಅವರು ನನಗೆ ಬುದ್ಧಿ ಹೇಳಲಿಲ್ಲ. "ನೀನು ಹಾಡಬೇಡವ್ವಾ, ಸುಮ್ನೆ ನುಡಿಸು. ನಿನ್ನ ಪಾಲಿಂದು ನಾವು ಹಾಡ್ತೀವಿ" ಅಂದರು. ಅಷ್ಟೇ. ಸಭೆಯಾಗಿ ಕೂಡಿ ಹಾಡುವುದು ಯಾಕೆ ಅಂತ ನನಗೆ ಅವತ್ತು ತಿಳಿಯಿತು. ಒಬ್ಬರ ದನಿ ಕಟ್ಟಿದಾಗ ಉಳಿದವರ ದನಿ ಆ ಸಾಲನ್ನು ಎತ್ತಿ ಹಿಡಿದಿರುತ್ತದೆ. ಮುಂದೊಂದು ದಿನ ನಾವು ಬೇರೊಬ್ಬರಿಗೆ ಹಾಗೆ ಹಿಡಿಯುತ್ತೇವೆ.

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ಓದಿ ನೋಡಿ. ಪೌಲ, ಸೀಲ ಇಬ್ಬರನ್ನೂ ಹೊಡೆದು, ಕಾಲಿಗೆ ಕೋಳ ಹಾಕಿ ಫಿಲಿಪ್ಪಿಯ ಸೆರೆಮನೆಗೆ ತಳ್ಳಿದ್ದರು. ನಡುರಾತ್ರಿ ಅವರು ಪ್ರಾರ್ಥನೆ ಮಾಡುತ್ತ ಹಾಡುತ್ತಿದ್ದರು. ಭೂಕಂಪ ಆಗಿ ಬಾಗಿಲು ತೆರೆದದ್ದು ಆಮೇಲೆ. ಹಾಡು ಮೊದಲು. ಬಾಸುಂಡೆ ಎದ್ದ ಬೆನ್ನಿನಲ್ಲಿ ಅವರಿಗೆ ಆ ಹೊತ್ತು ಏನು ಅನಿಸುತ್ತಿತ್ತೋ, ಅಲ್ಲಿ ಬರೆದಿಲ್ಲ. ಹಾಡಿದರು ಅಂತ ಮಾತ್ರ ಇದೆ.

"ಒಂದು ಸಾಲನ್ನು ನಿನ್ನದು ಮಾಡಿಕೋ" ಅನ್ನುತ್ತೀರಿ. ಹಾಗಂದರೆ ಏನು?

ಇದನ್ನು ನಾನು ಕಲಿತದ್ದು ನಮ್ಮ ಅಜ್ಜಿಯಿಂದ. ಅವ್ವನ ತವರು ಸಿಂಧನೂರು ಕಡೆಯ ಹಳ್ಳಿ. ರಜೆಗೆ ಅಲ್ಲಿಗೆ ಹೋದಾಗ ಬೆಳಗ್ಗೆ ಎಚ್ಚರ ಆಗುತ್ತಿದ್ದದ್ದೇ ಅಜ್ಜಿ ರೊಟ್ಟಿ ಬಡಿಯುವ ಸದ್ದಿಗೆ. ಕೊಣಮಿಗೆಯಲ್ಲಿ ಹಿಟ್ಟು ನಾದಿ, ಎರಡೂ ಅಂಗೈ ತಿರುಗಿಸುತ್ತ ಟಪ್ ಟಪ್ ಅಂತ ಬಡಿಯುತ್ತಿದ್ದಳು. ಆ ಸದ್ದೇ ತಾಳ. ಅದರ ಮೇಲೆ 23ನೇ ಕೀರ್ತನೆ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ರೊಟ್ಟಿ ಹಂಚಿಗೆ ಬೀಳುವಾಗ ಸಾಲು ನಿಲ್ಲುತ್ತಿತ್ತು. ಮೇಲೆ ನೀರು ಸವರಿ ಮಗುಚುವಾಗ ಮತ್ತೆ ಶುರು.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಅವಳ ಬದುಕಿನಲ್ಲಿ ಕೊರತೆಗೆ ಕೊರತೆ ಇರಲಿಲ್ಲ. ಕಾಲುವೆ ನೀರು ಅವರ ಹೊಲಕ್ಕೆ ಬರುತ್ತಿರಲಿಲ್ಲ. ಮಳೆ ಬಂದರೆ ಜೋಳ, ಇಲ್ಲದಿದ್ದರೆ ಕೂಲಿ. ಒಂದು ಬೇಸಿಗೆಯಲ್ಲಿ ನಾನು ಕೇಳಿಯೇ ಬಿಟ್ಟೆ: "ಅಜ್ಜೀ, ಮನ್ಯಾಗ ಜ್ವಾಳ ಇಲ್ಲ, ಕೊರತೆಪಡೆನು ಅಂತ ಹೆಂಗ ಹಾಡ್ತಿ?" ಅಜ್ಜಿ ಕೈ ನಿಲ್ಲಿಸಲಿಲ್ಲ. "ಹಾಡಿದ್ರ ಬರ ಹೋಗ್ತದ ಅಂತಲ್ಲ ಯವ್ವಾ. ಬರದಾಗೂ ಕುರುಬ ಕುರಿ ಬಿಟ್ಟು ಹೋಗಂಗಿಲ್ಲ" ಅಂದಳು.

ನನಗಾಗ ಹನ್ನೆರಡು ವರ್ಷ. ಪೂರ್ತಿ ಹಿಡಿಯಲಿಲ್ಲ. ದೊಡ್ಡವಳಾದ ಮೇಲೆ ಅದೇ ಕೀರ್ತನೆಯನ್ನು ನಿಧಾನವಾಗಿ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲ ಮೂರು ವಚನಗಳಲ್ಲಿ ದೇವರು "ಆತನು". ಹಸಿರುಗಾವಲು, ನೀರು, ನೀತಿಯ ದಾರಿ, ಎಲ್ಲ ಚೆನ್ನಾಗಿರುವಾಗ ಹಾಡುವವನು ದೇವರ ಬಗ್ಗೆ ಮಾತಾಡುತ್ತಾನೆ. ನಾಲ್ಕನೇ ವಚನದಲ್ಲಿ ಕಾರ್ಗತ್ತಲಿನ ಕಣಿವೆ ಬರುತ್ತದೆ. ಅಲ್ಲಿ ಒಮ್ಮೆಲೇ ಮಾತು ತಿರುಗುತ್ತದೆ. "ನೀನು ಹತ್ತಿರವಿರುವದರಿಂದ" ಅನ್ನುತ್ತಾನೆ. ಕತ್ತಲೆ ಬಂದ ಕೂಡಲೇ "ಆತನು" ಹೋಗಿ "ನೀನು" ಆಗಿಬಿಟ್ಟ. ಅಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ನನ್ನ ಹತ್ತಿರ ಇದ್ದದ್ದು ಆ ಒಂದು ಪದ. ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ.

ಒಂದು ಸಾಲು ನಿಮ್ಮದಾಗುವುದು ಅಂದರೆ ಇದು. ಅಜ್ಜಿಗೆ "ಕೊರತೆಪಡೆನು", ನನಗೆ "ನೀನು". ಕೀರ್ತನೆ ಒಂದೇ.

ಕುರುಬರನ್ನು ನೋಡಿ ಬೆಳೆದವರಿಗೆ ಈ ಕೀರ್ತನೆ ಇನ್ನೂ ಹತ್ತಿರ. ಕೊಪ್ಪಳದ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರಲ್ಲ, ಗೊಬ್ಬರಕ್ಕೆ? ಕುರುಬ ಕಂಬಳಿ ಹೊದ್ದು ಅಲ್ಲೇ ಹಿಂಡಿನ ಪಕ್ಕ ಮಲಗುತ್ತಾನೆ. ತೋಳ ಬಂದರೆ ದೊಣ್ಣೆ. ಹಗಲು ಜಾಲಿ ಕೊಂಬೆ ಬಗ್ಗಿಸಿ ಮರಿಗೆ ಸೊಪ್ಪು ಕೊಡಲು ಉದ್ದ ಕೋಲು. "ನಿನ್ನ ದೊಣ್ಣೆಯೂ ನಿನ್ನ ಕೋಲೂ" ಅಂತ ಕೀರ್ತನೆಯಲ್ಲಿ ಎರಡೂ ಯಾಕಿವೆ ಅಂತ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕೀರ್ತನೆ, ಸಂಗೀತ, ಭಜನೆ, ಕೋರಸ್: ಇವೆಲ್ಲ ಬೇರೆ ಬೇರೆಯಾ?

ಬೈಬಲಿನಲ್ಲಿ ಇರುವ 150 ಕೀರ್ತನೆಗಳು ಮೂಲ. ಅವು ಯೆಹೂದ್ಯರ ಹಾಡುಗಳು. ಯೇಸು ಕೂಡ ಕಡೆಯ ರಾತ್ರಿ ಊಟ ಮುಗಿಸಿ, ಶಿಷ್ಯರ ಜೊತೆ ಹಾಡಿ, ಆಮೇಲೆ ಎಣ್ಣೆಮರಗಳ ಗುಡ್ಡಕ್ಕೆ ಹೋದ ಅಂತ ಮಾರ್ಕನ ಸುವಾರ್ತೆಯಲ್ಲಿದೆ. ಚರ್ಚಿನ ಪುಸ್ತಕದಲ್ಲಿ ನಂಬರ್ ಹಾಕಿದ ಹಾಡಿಗೆ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸಂಗೀತ ಅಂತಲೂ ಕೀರ್ತನೆ ಅಂತಲೂ ಅನ್ನುತ್ತಾರೆ. ಒಬ್ಬರು ಹೇಳಿಕೊಟ್ಟು ಉಳಿದವರು ತಿರುಗಿ ಹಾಡಿದರೆ ಭಜನೆ. ಕೋರಸ್ ಚಿಕ್ಕದು, ನಾಲ್ಕೈದು ಸಾಲು, ಮತ್ತೆ ಮತ್ತೆ ಹಾಡುವಂಥದ್ದು. ಹೆಸರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

23ನೇ ಕೀರ್ತನೆಯಲ್ಲಿ ಕ್ಯಾಥೊಲಿಕ್ ಮನೆಯವರು "ಕುರಿಗಾಹಿ" ಅನ್ನುತ್ತಾರೆ, ನಾವು "ಕುರುಬ" ಅನ್ನುತ್ತೇವೆ. ಅನುವಾದ ಬೇರೆ, ಕುರಿಗಳು ಅವೇ.

ಈ ಹಾಡುಗಳು ನಮ್ಮ ಕಡೆಗೆ ಬಂದದ್ದು ಹೇಗೆ? ಇವು ಹೊರಗಿನವಲ್ವಾ?

ಎರಡು ದಾರಿಯಲ್ಲಿ ಬಂದವು. ಕ್ಯಾಥೊಲಿಕ್ ದಾರಿ ಹಳೆಯದು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಒಂದು ಪುರಾತನ ಕ್ಯಾಥೊಲಿಕ್ ಸಮುದಾಯವಿದೆ. ಅಲ್ಲಿಯ ಚರ್ಚು 1557ಕ್ಕಿಂತ ಮೊದಲಿನದು ಅಂತ ಹಳೆಯ ಗೆಜೆಟಿಯರ್ ಹೇಳುತ್ತದೆ. ಅಂದರೆ ವಿಜಯನಗರ ಇನ್ನೂ ಹಾಳಾಗಿರಲಿಲ್ಲ. ಅದೇ ಮುದಗಲ್ಲಿನ ಮೊಹರಂ ಕೂಡ ನಾಡಿಗೆಲ್ಲ ಹೆಸರುವಾಸಿ. ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಕೆಳಗೆ ಬರುವ ಸೀಮೆ, 1949ರಲ್ಲಿ ಆಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರೊಳಗೆ ಬರುತ್ತವೆ.

ಇನ್ನೊಂದು ದಾರಿ ಬಳ್ಳಾರಿಯಿಂದಲೇ ಶುರುವಾಗುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈ ಹಾಕಿದರು. ಪೂರ್ತಿ ಕನ್ನಡ ಬೈಬಲ್ 1831ರ ಹೊತ್ತಿಗೆ ಆಯಿತು. ಬಳ್ಳಾರಿಯಲ್ಲಿ ಮಿಷನ್ನಿನ ಅಚ್ಚುಕೂಟವೂ ಇತ್ತು. ಮಂಗಳೂರಿನಲ್ಲಿ 1843ರಲ್ಲಿ ಶುರುವಾದ ಮೊದಲ ಕನ್ನಡ ಪತ್ರಿಕೆ, ಮರುವರ್ಷ ಹೆಸರು ಬದಲಿಸಿಕೊಂಡು ಅಚ್ಚಾದದ್ದು ನಮ್ಮ ಬಳ್ಳಾರಿಯಲ್ಲೇ. ಕೀರ್ತನೆಯ ಮಾತು ಕನ್ನಡ ಅಕ್ಷರದಲ್ಲಿ ಮನೆಮನೆಗೆ ಹೋಗುವುದಕ್ಕೆ ದಾರಿಯಾದದ್ದು ಈ ಕೆಲಸ. ರಾಯಚೂರು ಕಡೆ ಮೆಥಡಿಸ್ಟರು ಆಮೇಲೆ ಬಂದರು. ಅವರು ಹಾಡುವುದಕ್ಕೇ ಹೆಸರಾದವರು. ಆ ಪಂಥದ ಮೂಲಪುರುಷರಲ್ಲಿ ಒಬ್ಬರಾದ ಚಾರ್ಲ್ಸ್ ವೆಸ್ಲಿ 6,000ಕ್ಕೂ ಹೆಚ್ಚು ಹಾಡು ಬರೆದರು.

ಆದರೆ ಬೀಜ ಹೊರಗಿನದಾದರೂ ಬಿದ್ದ ನೆಲ ಯಾವುದು ಅಂತ ನೋಡಬೇಕು. ರಾಯಚೂರು ಸೀಮೆ ದಾಸರ ಸೀಮೆ. ವಿಜಯದಾಸರು ಚೀಕಲಪರ್ವಿಯವರು. ಜಗನ್ನಾಥದಾಸರು ಮಾನ್ವಿಯಲ್ಲಿ ಇದ್ದವರು, 1809ರಲ್ಲಿ ತೀರಿಕೊಂಡರು. ಅದರ ಮರುವರ್ಷವೇ ಹ್ಯಾಂಡ್ಸ್ ಬಳ್ಳಾರಿಗೆ ಕಾಲಿಟ್ಟದ್ದು. ದೇವರನ್ನು ಕನ್ನಡದಲ್ಲಿ, ಪಲ್ಲವಿ ಚರಣ ಕಟ್ಟಿ, ಕೈಯಲ್ಲಿ ತಾಳ ಹಿಡಿದು ಹಾಡುವುದು ಇಲ್ಲಿಯ ಜನಕ್ಕೆ ಆಗಲೇ ಗೊತ್ತಿತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚು ಹಾಕಿಸಿದರು. ಬಂದವರೂ ಈ ನೆಲದ ಹಾಡಿಗೆ ಕಿವಿ ಕೊಟ್ಟರು ಅನ್ನುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ನಮ್ಮ ಅನೇಕ ಕನ್ನಡ ಕ್ರೈಸ್ತ ಕೀರ್ತನೆಗಳು ಪಲ್ಲವಿ, ಅನುಪಲ್ಲವಿ, ಚರಣ ಅಂತಲೇ ಇವೆ. ತಂಬೂರಿ ಹಿಡಿದು ತತ್ವಪದ ಹೇಳುವ ಮುದುಕರು ಹಾಡುವ ರೀತಿಗೂ, ನಮ್ಮ ಹಳ್ಳಿ ಸಭೆಗಳಲ್ಲಿ ರಾತ್ರಿ ಭಜನೆ ನಡೆಯುವ ರೀತಿಗೂ ನನ್ನ ಕಿವಿಗೆ ಏನೂ ದೂರ ಇಲ್ಲ.

ಇಂಗ್ಲಿಷ್ ರಾಗದ ಹಾಡುಗಳು ನಮ್ಮ ಬಾಯಿಗೆ ಹೊಂದುತ್ತವಾ?

ಕೆಲವು ಹೊಂದುತ್ತವೆ, ಕೆಲವು ಇಲ್ಲ. ಸುಮ್ನೆ ಹೇಳುತ್ತಿಲ್ಲ, ನುಡಿಸಿ ನೋಡಿದ್ದೇನೆ. "ಅಮೇಜಿಂಗ್ ಗ್ರೇಸ್" ಹಾಡನ್ನು ಹಾರ್ಮೋನಿಯಂ ಮೇಲೆ ಹಿಡಿಯಿರಿ. ಸ ರಿ ಗ ಪ ಧ, ಐದೇ ಸ್ವರ. ಅದು ನಮ್ಮ ಮೋಹನ ರಾಗದ ಸ್ವರಗಳೇ. ಹಿಂದೂಸ್ತಾನಿಯವರು ಭೂಪ್ ಅನ್ನುತ್ತಾರೆ. ಹಳ್ಳಿಯ ಹೆಂಗಸರು ಅದನ್ನು ಒಂದೇ ಸಲಕ್ಕೆ ಹಿಡಿದದ್ದು ನೋಡಿ ನನಗೆ ಮೊದಲು ಆಶ್ಚರ್ಯ ಆಗಿತ್ತು. ಆಮೇಲೆ ಕಾರಣ ತಿಳಿಯಿತು.

ತೊಂದರೆ ಆಗುವುದು ಮಾತನ್ನು ರಾಗಕ್ಕೆ ತುರುಕಿದಾಗ. ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಚಿಕ್ಕ ಪದ ಇರುವ ಕಡೆ ಕನ್ನಡದ ನಾಲ್ಕಕ್ಷರದ ಪದ ಬಂದರೆ, ಗಿಡ್ಡ ಅಕ್ಷರ ಎಳೆಯಬೇಕು, ಉದ್ದ ಅಕ್ಷರ ನುಂಗಬೇಕು. ಅರ್ಥ ಅಲ್ಲೇ ಕಳೆದುಹೋಗುತ್ತದೆ. ಅಂಥ ಹಾಡು ಸಿಕ್ಕರೆ ನಾನು ಮೊದಲು ಮಾತನ್ನು ರಾಗ ಇಲ್ಲದೆ ಎರಡು ಸಲ ಎಲ್ಲರಿಂದ ಓದಿಸುತ್ತೇನೆ.

ನಾವು ನಮ್ಮದು ಅಂದುಕೊಂಡಿರುವ ಹಾರ್ಮೋನಿಯಮ್ಮೇ ಯೂರೋಪಿನಿಂದ ಬಂದದ್ದು. ಕಾಲಲ್ಲಿ ತುಳಿಯುವ ಪೆಟ್ಟಿಗೆಯನ್ನು ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವ ಹಾಗೆ ಮಾಡಿದ್ದು 19ನೇ ಶತಮಾನದ ಕಲ್ಕತ್ತದಲ್ಲಿ. ಆಕಾಶವಾಣಿಯಲ್ಲಿ 1940ರಿಂದ 1971ರ ತನಕ ಅದಕ್ಕೆ ಜಾಗ ಇರಲಿಲ್ಲ. ಈಗ ಅದಿಲ್ಲದೆ ಭಜನೆಯೂ ಇಲ್ಲ, ನಾಟಕವೂ ಇಲ್ಲ.

ಚರ್ಚಿನಲ್ಲಿ ಡೋಲಕ್, ಹಲಗಿ, ಗಿಟಾರ್ ಸರೀನಾ?

150ನೇ ಕೀರ್ತನೆ ತೆಗೆಯಿರಿ. ತುತೂರಿ, ತಂತಿವಾದ್ಯ, ಕೊಳಲು, ತಾಳ ಎಲ್ಲ ಇವೆ. ಕನ್ನಡ ಬೈಬಲಿನಲ್ಲಿ "ದಮ್ಮಡಿ" ಅಂತಲೇ ಇದೆ, ಅದು ಬಡಿಯುವ ಚರ್ಮದ ವಾದ್ಯ, ಕುಣಿಯುವ ಮಾತೂ ಇದೆ. ಜಗತ್ತೆಲ್ಲ ಹಾಡುವ ಆ ಶಾಂತ ರಾತ್ರಿಯ ಕ್ರಿಸ್ಮಸ್ ಹಾಡನ್ನು 1818ರಲ್ಲಿ ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನಲ್ಲಿ ಮೊದಲ ಸಲ ಹಾಡಿದ್ದು ಗಿಟಾರ್ ಜೊತೆಗೆ. ಕ್ಯಾಥೊಲಿಕ್ ಸಭೆಯಲ್ಲೂ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆಯಾ ನಾಡಿನ ಭಾಷೆಗೆ, ಸಂಗೀತಕ್ಕೆ ಬಾಗಿಲು ತೆರೆಯಿತು. ಅಲ್ಲಿಯ ತನಕ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು.

ಹಲಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಮ್ಮೆ ಒಂದು ಸಭೆಯಲ್ಲಿ ಗರಿಗಳ ಭಾನುವಾರ ಹುಡುಗರು ಹಲಗಿ ತಂದಿದ್ದರು. "ಅದು ಒಳಗೆ ಬೇಡ" ಅಂತ ಹಿರಿಯರೊಬ್ಬರು ಬಾಗಿಲಲ್ಲೇ ತಡೆದರು. ಯಾಕೆ ಬೇಡ ಅಂತ ಅವರೂ ಬಾಯಿಬಿಟ್ಟು ಹೇಳಲಿಲ್ಲ, ಕೇಳುವ ಅಗತ್ಯವೂ ಯಾರಿಗೂ ಇರಲಿಲ್ಲ. ಹಲಗಿ ಯಾರ ಕೈಯದು ಅಂತ ಊರಿಗೆಲ್ಲ ಗೊತ್ತು. ಆ ಹುಡುಗರ ಮುಖ ನನಗೆ ಇನ್ನೂ ನೆನಪಿದೆ. ಅಜ್ಜ ಮುತ್ತಜ್ಜಂದಿರು ಊರ ಹಬ್ಬಕ್ಕೆಲ್ಲ ಬಡಿದು, ಆಮೇಲೆ ದೂರ ನಿಂತ ವಾದ್ಯ ಅದು. ಯೇಸುವಿನ ಮನೆಯಲ್ಲೂ ಅದು ಹೊರಗೇ ನಿಲ್ಲಬೇಕು ಅಂದರೆ ನಾವು ಒಳಗೆ ಹಾಡುವುದು ಏನನ್ನು? ಯೇಸುವಿನ ತಾಯಿ ಮರಿಯಳ ಹಾಡಿನಲ್ಲಿ, ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ದೇವರು ಬಲಿಷ್ಠರನ್ನು ಗದ್ದುಗೆಯಿಂದ ಇಳಿಸಿ ದೀನರನ್ನು ಮೇಲೆತ್ತಿದ ಅಂತ ಇದೆ. ಈಗ ನಮ್ಮ ಸಭೆಯಲ್ಲಿ ಆ ಹಾಡಿಗೆ ಹಲಗಿ ಇದೆ.

ರಾಗ ಹಿಡಿಸುತ್ತದೆ, ಮಾತಿನ ಕಡೆ ಗಮನವೇ ಹೋಗುವುದಿಲ್ಲ. ಇದು ತಪ್ಪಾ?

ಸುಮಾರು 1,600 ವರ್ಷದ ಹಿಂದೆ ಸಂತ ಅಗಸ್ಟೀನರೂ ಇದೇ ಚಿಂತೆ ಮಾಡಿದರು. ಹೊಸದಾಗಿ ದೀಕ್ಷಾಸ್ನಾನ ಪಡೆದಾಗ ಮಿಲಾನಿನ ಚರ್ಚಿನಲ್ಲಿ ಹಾಡು ಕೇಳಿ ಅತ್ತದ್ದನ್ನು ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಮುಂದೆ ಅದರಲ್ಲೇ, ಹಾಡಿದ ಮಾತಿಗಿಂತ ಹಾಡುವ ದನಿಯೇ ಜಾಸ್ತಿ ಹಿಡಿಸಿದರೆ ತಾನು ತಪ್ಪು ಮಾಡಿದ ಹಾಗೆ ಅಂದುಕೊಳ್ಳುತ್ತಾರೆ. ಆದರೂ ಹಾಡು ಬೇಡ ಅನ್ನಲಿಲ್ಲ. ಬಲ ಇಲ್ಲದ ಮನಸ್ಸನ್ನು ಕಿವಿಯ ಸುಖ ಭಕ್ತಿಯ ಕಡೆಗೆ ಎತ್ತುತ್ತದೆ ಅಂತ ಉಳಿಸಿಕೊಂಡರು.

ನನ್ನ ಅಭಿಪ್ರಾಯ ಕೇಳಿದರೆ, ರಾಗ ಹಿಡಿಸಿದ್ದು ಒಳ್ಳೆಯದೇ ಆಯಿತು. ರಾಗ ಮಾತನ್ನು ಹೊತ್ತುಕೊಂಡು ಒಳಗೆ ಬಂದಿದೆ. ಬಸ್ಸಿನಲ್ಲಿ ಗುನುಗುತ್ತ ಕೂತಾಗ ಒಂದು ದಿನ ಮಾತು ಎದ್ದು ಕೂರುತ್ತದೆ. ಗಮನ ಕೊಡಬೇಕಾದವರು ನಮ್ಮಂಥ ನುಡಿಸುವವರು. ವಾದ್ಯದ ಸದ್ದು ಮಾತನ್ನು ಮುಚ್ಚಿದರೆ ತಪ್ಪು ನಮ್ಮದು.

ಹಾಡು ಬರೆದವರೆಲ್ಲ ಪವಿತ್ರರಾ?

ಅಲ್ಲ. ಮೇಲೆ ಹೇಳಿದ "ಅಮೇಜಿಂಗ್ ಗ್ರೇಸ್" ಬರೆದ ಜಾನ್ ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗಿನಲ್ಲಿದ್ದವರು. 1748ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದರು. ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಆ ರಾತ್ರಿಯೇ ಮನುಷ್ಯ ಬದಲಾದ ಅಂತ ಬೋಧನೆಯಲ್ಲಿ ಹೇಳುವುದನ್ನು ಕೇಳಿದ್ದೇನೆ. ನಿಜ ಹಾಗಿಲ್ಲ. ಆಮೇಲೂ ಆ ದಂಧೆಯಲ್ಲಿದ್ದರು, ಕ್ಯಾಪ್ಟನ್ನೂ ಆದರು. 1754ರಲ್ಲಿ ಹಡಗು ಬಿಟ್ಟರು. ಹಾಡು 1773ರ ಹೊಸ ವರ್ಷದ ಆರಾಧನೆಗೆ ಬಂತು. ಗುಲಾಮರ ವ್ಯಾಪಾರ ಎಂಥ ಪಾಪ ಅಂತ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ.

ನನಗೆ ಈ ಪೂರ್ತಿ ಕಥೆಯೇ ಮುಖ್ಯ. ತಾನು ಏನು ಮಾಡಿದ್ದೇನೆ ಅಂತ ಮನುಷ್ಯನಿಗೆ ಕಾಣುವುದು ನಿಧಾನ. ಹಾಡು ಅದಕ್ಕಿಂತ ಮೊದಲೇ ಬಾಯಿಗೆ ಬಂದಿರುತ್ತದೆ, ಆಮೇಲೆ ಹಾಡಿದವನನ್ನೇ ತಿರುಗಿ ಕೇಳುತ್ತದೆ. ಹಾಗೆ ಕೇಳಿಸಿಕೊಳ್ಳುವ ಧೈರ್ಯ ನಮಗೆ ಇರಬೇಕು.

ಸಾವಿನ ಮನೆಯಲ್ಲಿ ಹಾಡೋದು ಹೇಗೆ? ಸ್ತುತಿ ಹಾಡಲು ಬಾಯಿ ಬರುವುದಿಲ್ಲ.

ಬರದಿದ್ದರೆ ಹಾಡಬೇಡಿ. ದುಃಖದಲ್ಲಿರುವವರ ಕೈಯಲ್ಲಿ ಸಂತೋಷದ ಹಾಡು ಹಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಕೀರ್ತನೆಗಳಲ್ಲೇ ಅಳುವ ಕೀರ್ತನೆಗಳು ಬೇಕಾದಷ್ಟಿವೆ. 13ನೆಯದು "ಇನ್ನೆಷ್ಟರ ವರೆಗೆ" ಅಂತ ದೇವರನ್ನೇ ಜಗ್ಗಿ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಅಪ್ಪನ ಮಣ್ಣಿಗೆ ಹೋದ ದಿನ ಮೇ ತಿಂಗಳ ಬಿಸಿಲು. ಬಳ್ಳಾರಿಯ ಮೇ ಅಂದರೆ ಗೊತ್ತಲ್ಲ. ಪೆಟ್ಟಿಗೆ ಇಳಿಸುವಾಗ ಸಭೆಯವರು ಹಾಡು ಎತ್ತಿದರು. ಅರ್ಧಕ್ಕೆ ದನಿಗಳು ಒಂದೊಂದಾಗಿ ನಿಂತವು. ಕೊನೆಗೆ ಉಳಿದದ್ದು ಒಬ್ಬರೇ ಮುದುಕಮ್ಮ, ಅಪ್ಪನ ಸಂಡೇಸ್ಕೂಲ್ ಟೀಚರ್. ಶ್ರುತಿ ಎಲ್ಲೋ ಹೋಗಿತ್ತು. ಮಣ್ಣು ಬೀಳುವ ಸದ್ದಿನ ನಡುವೆ ಚರಣ ಪೂರ್ತಿ ಮುಗಿಸಿಯೇ ನಿಲ್ಲಿಸಿದರು. ನಾನು ಎಷ್ಟೋ ದೊಡ್ಡ ಗಾಯಕರ ಹಾಡು ಕೇಳಿದ್ದೇನೆ. ಅದಕ್ಕಿಂತ ಒಳ್ಳೆಯ ಹಾಡು ಕೇಳಿಲ್ಲ.

ನನ್ನ ದನಿ ಚೆನ್ನಾಗಿಲ್ಲ. ಹಾಡಬಹುದಾ?

ಮೇಲಿನ ಉತ್ತರ ಓದಿ. ಹಾಡಬೇಕು.

ನಮ್ಮ ಮನೆಮಾತು ತೆಲುಗು. ಕನ್ನಡ ಸಭೆಯಲ್ಲಿ ತೆಲುಗು ಹಾಡು ಹಾಡಿದರೆ ಮುಖ ಗಂಟು ಹಾಕುತ್ತಾರೆ.

ಬಳ್ಳಾರಿಯಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ಎಲ್ಲ ಕೇಳಿಸುತ್ತವೆ. ಸಂತೆಯಲ್ಲಿ ಹೊಂದಿಕೊಳ್ಳುವ ನಾವು ಸಭೆಯಲ್ಲಿ ಯಾಕೆ ಹೊಂದಿಕೊಳ್ಳಬಾರದು? ಅವ್ವ ಯಾವ ಭಾಷೆಯಲ್ಲಿ ಜೋಗುಳ ಹಾಡಿದಳೋ ಆ ಭಾಷೆಯಲ್ಲಿ ಅಳು ಬೇಗ ಬರುತ್ತದೆ, ಪ್ರಾರ್ಥನೆಯೂ ಬೇಗ ಬರುತ್ತದೆ. ಮನೆಕೂಟಗಳಲ್ಲಿ ಒಂದು ಚರಣ ತೆಲುಗು, ಒಂದು ಚರಣ ಕನ್ನಡ ಹಾಡಿ. ಹಾಡುವ ಮೊದಲು ಸಾಲಿನ ಅರ್ಥ ಹೇಳಿಬಿಡಿ, ಅಷ್ಟು ಸಾಕು.

ನಾನು ಕ್ರೈಸ್ತನಲ್ಲ. ಆದರೂ ಈ ಹಾಡುಗಳು ಮನಸ್ಸಿಗೆ ಹತ್ತಿರ. ಹಾಡಬಹುದಾ?

ಖಂಡಿತ. ಡಿಸೆಂಬರಿನಲ್ಲಿ ನಾವು ಕ್ಯಾರಲ್ ಹಾಡುತ್ತ ಮನೆಮನೆಗೆ ಹೋಗುವಾಗ ಪಕ್ಕದ ಮನೆಯ ಲಿಂಗಾಯತರ ಅಜ್ಜ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿರುತ್ತಾರೆ. ಪ್ರತಿ ವರ್ಷ ಅದೇ ಹಾಡು ಕೇಳುತ್ತಾರೆ, ಎಲ್ಲರಿಗೂ ಚಹಾ ಕೊಡಿಸುತ್ತಾರೆ. ಅವರ ಮನೆಯಲ್ಲಿ ವಚನ ಹಾಡುವಾಗ ನಾನೂ ಹೋಗಿ ಕೂತಿದ್ದೇನೆ. ಅವರವರ ನಂಬಿಕೆ ಅವರವರದು. ಯಾರೂ ಯಾರನ್ನೂ ಎಳೆಯಬೇಕಿಲ್ಲ.

ಪುಸ್ತಕ ಬೇಕಾ? ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ.

ಕೇಳಿ ಕಲಿಯಲು ಮೊಬೈಲ್ ಒಳ್ಳೆಯದು. ನಾನೂ ರಾಗ ಮರೆತಾಗ ಯೂಟ್ಯೂಬ್ ಹಾಕುತ್ತೇನೆ. ದೂರದ ಊರಿಗೆ ದುಡಿಯಲು ಹೋದವರಿಗೆ ಊರಿನ ಸಭೆಯ ಹಾಡು ಕಿವಿಗೆ ಬೀಳುವುದೇ ಅದರಿಂದ. ಆದರೆ ಕೇಳುವುದೇ ಹಾಡುವುದಾಗುವುದಿಲ್ಲ. ಬೇರೆಯವರು ಉಂಡರೆ ನಮ್ಮ ಹೊಟ್ಟೆ ತುಂಬುತ್ತದಾ?

ಪುಸ್ತಕದ ಮಾತು ಬೇರೆ. ಓದು ಬಾರದ ನಮ್ಮ ಅಜ್ಜಿ ಕೂಡ ಪುಸ್ತಕ ಇಲ್ಲದೆ ಸಭೆಗೆ ಹೋಗುತ್ತಿರಲಿಲ್ಲ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅಯ್ಯನವರು ನಂಬರ್ ಹೇಳಿದರೆ ಸರಿಯಾದ ಪುಟವನ್ನೇ ತೆಗೆಯುತ್ತಿದ್ದಳು. ಹೇಗೆ ಅಂತ ನನಗೆ ಬಹಳ ದಿನ ಗೊತ್ತಾಗಿರಲಿಲ್ಲ. ಅವಳು ಹೋದ ಮೇಲೆ ಪುಸ್ತಕ ನನಗೆ ಬಂತು. ಬಿಡಿಸಿ ನೋಡಿದೆ. ಒಂದು ಪುಟದ ಮೂಲೆಯಲ್ಲಿ ಅರಿಶಿನದ ಬೆರಳು. ಇನ್ನೊಂದರಲ್ಲಿ ಒಣಗಿದ ಬೇವಿನ ಎಲೆ. ಒಂದು ಕಡೆ ಕೆಂಪು ದಾರ, ಅದು ನಾಮಕರಣದ ಹಾಡು. ಒಂದು ಪುಟದ ಅಂಚು ಸುಟ್ಟಿತ್ತು. ಅದು ತಾತ ತೀರಿಕೊಂಡಾಗ ಹಾಡಿದ ಹಾಡು ಅಂತ ಅವ್ವ ಹೇಳಿದಳು. ದೀಪದ ಹತ್ತಿರ ಹಿಡಿದಿದ್ದಳಂತೆ.

ಮಕ್ಕಳು ಹಳೆ ಹಾಡು ಬೇಡ ಅನ್ನುತ್ತಾರೆ. "ಅರ್ಥಾನೇ ಆಗಲ್ಲ" ಅಂತಾರೆ.

ಅವರ ಮಾತು ಅರ್ಧ ನಿಜ. ಹಳೆ ಹಾಡಿನ ಕನ್ನಡ ಕೆಲವು ಕಡೆ ಗಟ್ಟಿ. ಬಿಡಿಸಿ ಹೇಳುವ ಕೆಲಸ ನಮ್ಮದು, ಅದನ್ನು ನಾವು ಮಾಡುತ್ತಿಲ್ಲ. ಸಂಡೇಸ್ಕೂಲಿನಲ್ಲಿ ನಾನು ಒಂದು ತಿಂಗಳಿಗೆ ಒಂದೇ ಹಾಡು ಇಟ್ಟುಕೊಳ್ಳುತ್ತೇನೆ. ವಾರಕ್ಕೊಂದು ಚರಣ. "ಕಾರ್ಗತ್ತಲು" ಅಂದರೆ ಏನು ಅಂತ ಕೇಳಿದಾಗ ಒಬ್ಬ ಹುಡುಗ "ಕರೆಂಟ್ ಹೋದಾಗ ಬಾವಿ ಒಳಗ ನೋಡಿದಂಗ" ಅಂದ. ಅವನಿಗೆ ಆ ಪದ ಇನ್ನು ಯಾವತ್ತೂ ಮರೆಯುವುದಿಲ್ಲ.

ಹೊಸ ಹಾಡುಗಳನ್ನೂ ಹಾಡಲಿ ಬಿಡಿ. 96ನೇ ಕೀರ್ತನೆಯೇ ಹೊಸ ಹಾಡು ಹಾಡಿರಿ ಅನ್ನುತ್ತದೆ.

ಎಲ್ಲಿಂದ ಶುರು ಮಾಡಲಿ?

ಒಂದು ಹಾಡಿನಿಂದ. ಚಿಕ್ಕವರಿದ್ದಾಗ ಮನೆಯಲ್ಲಿ ಯಾರೋ ಹಾಡುತ್ತಿದ್ದದ್ದು ನೆನಪಿದ್ದರೆ ಅದೇ ಆಗಲಿ. ಇಲ್ಲದಿದ್ದರೆ 23ನೇ ಕೀರ್ತನೆ, ಬರೀ ಆರು ವಚನ. ಒಂದು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯಿರಿ, ಫೋಟೊ ಹೊಡೆದರೆ ಆಗುವುದಿಲ್ಲ. ಬರೆಯುವಾಗ ಕೈ ಯಾವ ಪದದ ಹತ್ತಿರ ನಿಲ್ಲುತ್ತದೋ ನೋಡಿ, ಅದರ ಕೆಳಗೆ ಗೆರೆ ಎಳೆಯಿರಿ. ದಿನಾ ಮಾಡುವ ಒಂದು ಕೆಲಸಕ್ಕೆ ಅದನ್ನು ಕಟ್ಟಿಬಿಡಿ: ನೀರು ಹಿಡಿಯುವಾಗ, ಅಂಗಡಿ ಬಾಗಿಲು ಎತ್ತುವಾಗ, ಮೋಟರ್ ಹಾಕಲು ಹೊಲಕ್ಕೆ ಹೋಗುವಾಗ. ದನಿ ಎತ್ತಿಯೇ ಹಾಡಬೇಕು ಅಂತಿಲ್ಲ. ಒಂದು ತಿಂಗಳು ಹಾಡು ಬದಲಿಸಬೇಡಿ. ಹತ್ತನೇ ದಿನಕ್ಕೆ ಬೇಜಾರು ಬರುತ್ತದೆ, ಎಲ್ಲರಿಗೂ ಬರುತ್ತದೆ. ಅದನ್ನು ದಾಟಿ ಹಾಡುತ್ತ ಹೋಗಿ.